ಐದು ಗ್ಯಾಲನ್ ಸಮುದ್ರ

"ನಿಮ್ಮನೇಲಿ ಸುಣ್ಣ ಉಂಟಾ ಮಾರಾಯ್ರೆ?" ಅಂತ ಬೇಲಿಯಾಚೆಯಿಂದ ಕೇಳಿದರು. ಊಟವಾಗಿರಬೇಕು, ಎಲೆಯಡಿಕೆಗೆ ಬಂದಿದ್ದಾರೆ ಅಂದುಕೊಂಡು, "ಸುಣ್ಣ ಇದೆ ಸಾರ್, ಎಲೆ ಇಲ್ಲ. ಊರಿಂದ ತಂದ ಅಡಿಕೆಗೂ ಹುಳ ಬಿದ್ದಿದೆ" ಅಂದೆ.

"ಎಲೆ ಬೇಡ. ಹವಳಕ್ಕೆ."

ಷಿಕಾಗೋ ಪಕ್ಕದ ವೆಸ್ಟ್‌ಮಂಟಿನ ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಎದೆಮಟ್ಟದ ಮರದ ಬೇಲಿ. ಅವರನ್ನು ನಾವು ಹೊನ್ನಾವರದವರು ಅನ್ನುತ್ತೇವೆ, ನಮ್ಮನ್ನು ಅವರು ಮೈಸೂರಿನವರು ಅನ್ನುತ್ತಾರೆ. ಬೇಲಿಯ ಮೇಲಿಂದ ಇಷ್ಟು ವರ್ಷ ಕರಿಬೇವು, ದೋಸೆಹಿಟ್ಟು, ಕನ್ನಡ ಕೂಟದಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬ ಸಮಾಚಾರ, ಇಷ್ಟೇ ಓಡಾಡುತ್ತಿದ್ದದ್ದು. ಹೊನ್ನಾವರದವರು ಕೆಲಸದಿಂದ ನಿವೃತ್ತರಾದರು. ಎಲ್ಲರೂ ಯೋಗ, ಗಾಲ್ಫು, ಲೆಮಾಂಟಿನ ರಾಮನ ಗುಡಿಯಲ್ಲಿ ಸ್ವಯಂಸೇವೆ ಅಂತ ಹೊರಟರೆ ಇವರು ಐದು ಗ್ಯಾಲನ್ನಿನ, ಅಂದರೆ ಹತ್ತೊಂಬತ್ತು ಲೀಟರಿನ ಗಾಜಿನ ಪೆಟ್ಟಿಗೆಯೊಂದನ್ನು ತಂದು ಊಟದ ಮೇಜಿನ ಮೂಲೆಯಲ್ಲಿಟ್ಟು ಸಮುದ್ರ ಮಾಡಲು ಕೂತರು. ಅತ್ತ ಅಟ್ಲಾಂಟಿಕ್ ಏಳುನೂರು ಮೈಲಿ, ಇತ್ತ ಪೆಸಿಫಿಕ್ ಎರಡು ಸಾವಿರಕ್ಕೆ ಸ್ವಲ್ಪ ಕಮ್ಮಿ. ಸಮುದ್ರ ಮಾಡುವುದಕ್ಕೆ ಇದಕ್ಕಿಂತ ಅನಾನುಕೂಲದ ಜಾಗ ಅಮೆರಿಕದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಮೊದಲ ಒಂದೂವರೆ ತಿಂಗಳು ಪೆಟ್ಟಿಗೆಯಲ್ಲಿ ನೀರು ಮತ್ತು ಕಲ್ಲು ಮಾತ್ರ. ಇವರು ಅದರೆದುರು ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಬಂದವರೆಲ್ಲ ಬಗ್ಗಿ ನೋಡಿ, "ಮೀನೆಲ್ಲಿ?" ಅನ್ನುವವರೇ. "ಬರ್ತದೆ, ಬ್ಯಾಕ್ಟೀರಿಯಾ ಬೆಳೀಲಿ" ಅಂತ ಇವರ ಉತ್ತರ. ಕಲ್ಲಿನ ರಂಧ್ರಗಳಲ್ಲಿ ಎರಡು ಜಾತಿಯ ಬ್ಯಾಕ್ಟೀರಿಯಾ ಮನೆ ಮಾಡಬೇಕಂತೆ. ಒಂದು ಬಗೆಯದು ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ವಿಷ, ಮೂರನೆಯದು ಅಷ್ಟಿಲ್ಲ. ಇವು ನೆಲೆಯೂರುವ ಮೊದಲು ಮೀನು ಬಿಟ್ಟರೆ ಅದು ತನ್ನ ಹೊಲಸಿನಲ್ಲೇ ಸಾಯುತ್ತದೆ. ಜೀವವಿರುವ ಕಲ್ಲನ್ನೇ ತೊಟ್ಟಿಗಿಳಿಸಿ, ಗಾಳಿಯ ಗುಳ್ಳೆ ಬಿಟ್ಟು, ಉಳಿದದ್ದನ್ನು ನಿಸರ್ಗಕ್ಕೆ ಬಿಡುವ ಈ ಪದ್ಧತಿಯನ್ನು 1961ರಷ್ಟು ಹಿಂದೆಯೇ ಜಕಾರ್ತಾದ ಲೀ ಚಿನ್ ಎಂಗ್ ಎಂಬಾತ ಲೇಖನ ಬರೆದು ಜಗತ್ತಿಗೆ ತಿಳಿಸಿದ್ದ. ಅವನಿಗೆ ಸಮುದ್ರ ಹತ್ತಿರವಿತ್ತು ಎನ್ನುವುದನ್ನು ಇಲ್ಲಿಯ ಹವ್ಯಾಸಿಗಳು ಅಷ್ಟಾಗಿ ನೆನೆಸಿಕೊಳ್ಳುವುದಿಲ್ಲ.

"ಅಲ್ಲಾ ಸಾರ್, ದೊಡ್ಡ ತೊಟ್ಟಿ ಆದ್ರೆ ಕಷ್ಟ ಅನ್ನಬಹುದು. ಒಂದು ಬಕೆಟ್ ನೀರಿಗೆ ಇಷ್ಟೊಂದು ಒದ್ದಾಟವಾ?" ಅಂತ ಒಂದು ದಿನ ಕೇಳಿದೆ. ಬೇಲಿಯ ಮೇಲೆ ಮೊಣಕೈ ಊರಿ ನಿಂತರು. ಅವರು ಮೊಣಕೈ ಊರಿದರೆ ಅರ್ಧ ಗಂಟೆ ಅಂತ ಲೆಕ್ಕ.

ಸಮುದ್ರದ ನೀರಲ್ಲಿ ಲೀಟರಿಗೆ 35 ಗ್ರಾಂ ಉಪ್ಪು. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಕೂತಿರುತ್ತದೆ. ಜನವರಿಯಲ್ಲಿ ಫರ್ನೇಸ್ ಹಗಲೂ ರಾತ್ರಿ ಓಡಿ ಮನೆಯೊಳಗಿನ ಗಾಳಿ ತುಟಿ ಒಡೆಯುವಷ್ಟು ಒಣಗಿರುವಾಗ ಆ ಪುಟ್ಟ ತೊಟ್ಟಿಯಿಂದ ದಿನಕ್ಕೆ ಅರ್ಧ ಲೀಟರ್ ಹಾರಿಹೋಗುತ್ತದೆ. ಮೂರು ದಿನ ಸುಮ್ಮನಿದ್ದರೆ 35 ಇದ್ದದ್ದು 38. ಹವಳ ಮುದುಡಿಕೊಳ್ಳುತ್ತದೆ. ಅಷ್ಟೇ ನೀರು ಷಿಕಾಗೋದ ಶೆಡ್ ಅಕ್ವೇರಿಯಂನ ಶಾರ್ಕ್ ತೊಟ್ಟಿಯಿಂದ ಹೋದರೆ ಶಾರ್ಕಿಗೂ ಗೊತ್ತಾಗದು, ಶೆಡ್ಡಿನವರಿಗೂ ಗೊತ್ತಾಗದು. ಮದುವೆಮನೆ ಕೊಪ್ಪರಿಗೆಯ ಸಾರಿಗೆ ಒಂದು ಚಿಟಿಕೆ ಉಪ್ಪು ಜಾಸ್ತಿ ಬಿದ್ದರೆ ಬೀಗರು ಸುಮ್ಮನೆ ಉಣ್ಣುತ್ತಾರೆ, ಅದೇ ಚಿಟಿಕೆ ಒಂದು ಸೌಟು ಸಾರಿಗೆ ಬಿದ್ದರೆ ತಟ್ಟೆ ಬಿಟ್ಟು ಏಳುತ್ತಾರೆ.

ಇನ್ನು ಹೋದ ನೀರನ್ನು ತುಂಬುವಾಗ ಸಿಹಿನೀರನ್ನೇ ತುಂಬಬೇಕು. ಉಪ್ಪುನೀರಿನ ಮೀನಿಗೆ ಉಪ್ಪುನೀರನ್ನೇ ಹಾಕಬೇಕು ತಾನೇ ಅಂತ ಯಾರಿಗಾದರೂ ಅನ್ನಿಸುತ್ತದೆ. ಹಾಗೆ ತುಂಬುತ್ತ ಹೋದರೆ ತಿಂಗಳೊಪ್ಪತ್ತಿನಲ್ಲಿ ತೊಟ್ಟಿ ಉಪ್ಪಿನಕಾಯಿ ಭರಣಿಯೇ. ಹೀಟರಿನದೂ ಇದೇ ಕತೆ. ಬೆರಳುದ್ದದ ಹೀಟರ್ ಕೆಟ್ಟು ಆರಿಹೋದರೆ ಚಳಿಗೆ, ಕೆಟ್ಟು ಉರಿಯುತ್ತಲೇ ಕೂತರೆ ಬಿಸಿಗೆ, ಎರಡಕ್ಕೂ ಕೆಲವೇ ಗಂಟೆ ಸಾಕು. ಆದ್ದರಿಂದ ಹೀಟರನ್ನು ಕಾಯಲು ಒಂದು ಕಂಟ್ರೋಲರ್, ನೀರಿನ ಮಟ್ಟ ಕಾಯಲು ಒಂದು ಸೆನ್ಸರ್, ಇವೆಲ್ಲವನ್ನೂ ಕಾಯಲು ಹೊನ್ನಾವರದವರು. ಅಂಗಡಿಗಳಲ್ಲಿ ಇಂಥ ಪುಟ್ಟ ಪೆಟ್ಟಿಗೆಗಳನ್ನು ಹೊಸಬರಿಗೆ ಅಂತಲೇ ಜೋಡಿಸಿಟ್ಟಿರುತ್ತಾರೆ. ನನ್ನನ್ನು ಕೇಳಿದರೆ ಆ ಡಬ್ಬಿಯ ಮೇಲೆ 'ನಿವೃತ್ತರಿಗೆ ಮಾತ್ರ' ಅಂತ ಅಚ್ಚು ಹಾಕಿಸಬೇಕು.

ನೀರಿನದೇ ಒಂದು ಪುರಾಣ. 1992ರಿಂದ ನಮ್ಮ ಡುಪೇಜ್ ಕೌಂಟಿಯ ಊರುಗಳಿಗೆ ಬರುವುದು ಮಿಶಿಗನ್ ಸರೋವರದ ನೀರು, ಷಿಕಾಗೋ ನಗರದವರು ಶುದ್ಧ ಮಾಡಿ ಕಳಿಸುವುದು. ಕುಡಿಯಲು ಬಲು ಚೆನ್ನಾಗಿದೆ. ಆದರೆ ಷಿಕಾಗೋದಲ್ಲಿ ಹಳೆಯ ಸೀಸದ ಕೊಳವೆಗಳು ಅಮೆರಿಕದ ಬೇರೆ ಯಾವ ಊರಿಗಿಂತಲೂ ಹೆಚ್ಚು. ಕೊಳವೆಯ ಸೀಸ ನೀರಿಗೆ ಬಿಡದಿರಲಿ ಅಂತ ಅಲ್ಲಿಯವರು ನೀರಿಗೆ ಫಾಸ್ಫೇಟ್ ಬೆರೆಸುತ್ತಾರೆ, ಅದು ಕೊಳವೆಯ ಒಳಮೈಗೆ ಪದರ ಕಟ್ಟುತ್ತದೆ. ಮಕ್ಕಳ ಮಿದುಳನ್ನು ಕಾಯುವ ಅದೇ ಫಾಸ್ಫೇಟು ಹವಳದ ತೊಟ್ಟಿಗೆ ಹೋದರೆ ಪಾಚಿಗೆ ಗೊಬ್ಬರ. ನಲ್ಲಿ ನೀರು ಹಾಕಿದ ತೊಟ್ಟಿಯಲ್ಲಿ ಮೊದಲು ಕಂದು ಧೂಳು, ಆಮೇಲೆ ಹಸಿರು ಕೂದಲು, ಕೊನೆಗೆ ಕೆಂಪು ಲೋಳೆಯ ಹೊದಿಕೆ. ಕ್ಲೋರಿನ್ ಬೇರೆ ಇರುತ್ತದೆ. ಹಾಗಾಗಿ ಇವರ ಬೇಸ್‌ಮೆಂಟಿನಲ್ಲಿ ನೀರನ್ನು ಪೊರೆಯಿಂದ ಹಿಂಡಿ, ರಾಳದಲ್ಲಿ ಹಾಯಿಸಿ, ಏನೆಂದರೆ ಏನೂ ಉಳಿಯದಂತೆ ಬೋಳು ಮಾಡುವ ಯಂತ್ರ ಕೂತಿದೆ. ಎಲ್ಲವನ್ನೂ ತೆಗೆದ ಮೇಲೆ ಮತ್ತೆ ಎಲ್ಲವನ್ನೂ ಹಾಕಬೇಕು, ಅದು ಉಪ್ಪಿನ ಪಾಳಿ.

"ಉಪ್ಪು ಅಷ್ಟು ದುಡ್ಡು ಕೊಟ್ಟು ಯಾಕೆ? ಊರಿಂದ ಸಾಣಿಕಟ್ಟಾ ಉಪ್ಪು ತರಿಸಿದ್ರೆ ಆಗಲ್ವಾ?" ಅಂತ ನನ್ನ ಹೆಂಡತಿ ಒಮ್ಮೆ ಕೇಳಿದಳು. ಗೋಕರ್ಣದ ಪಕ್ಕದ ಸಾಣಿಕಟ್ಟಾ ಹೊನ್ನಾವರದವರಿಗೆ ತವರಿದ್ದ ಹಾಗೆ, ಅಲ್ಲಿಯ ಉಪ್ಪಿಲ್ಲದೆ ಅವರ ಮನೆಯಲ್ಲಿ ಮಾವಿನಮಿಡಿ ಹಾಕುವುದಿಲ್ಲ. ಆದರೂ ಆಗುವುದಿಲ್ಲ ಅಂದರು, ಕಾರಣವನ್ನೂ ಹೇಳಿದರು. ಗದ್ದೆಗೆ ಹಾಯಿಸಿದ ಸಮುದ್ರದ ನೀರು ಬತ್ತುತ್ತ ಬರುವಾಗ ಮೊದಲು ತಳಕ್ಕಿಳಿಯುವುದು ಸುಣ್ಣದ ಅಂಶ, ಜಿಪ್ಸಂ. ಆಮೇಲೆ ಹರಳುಗಟ್ಟುವುದು ನಾವು ತಿನ್ನುವ ಉಪ್ಪು. ಮೆಗ್ನೀಷಿಯಂ ಕೊನೆಯವರೆಗೂ ಕಹಿನೀರಿನಲ್ಲೇ ಉಳಿದುಕೊಂಡು, ಆ ನೀರನ್ನು ಹೊರಗೆ ಬಿಟ್ಟಾಗ ಹೊರಟುಹೋಗುತ್ತದೆ. ಅಂದರೆ ಸಮುದ್ರದಿಂದಲೇ ಬಂದ ಉಪ್ಪನ್ನು ನೀರಿಗೆ ಹಾಕಿ ಕದಡಿದರೂ ಸಮುದ್ರ ವಾಪಸು ಬರುವುದಿಲ್ಲ. ಹವಳಕ್ಕೆ ಲೀಟರಿನಲ್ಲಿ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ, 1300ರ ಹತ್ತಿರ ಮೆಗ್ನೀಷಿಯಂ ಬೇಕು. ಇದನ್ನೆಲ್ಲ ಲೆಕ್ಕ ಹಾಕಿ ಬೆರೆಸಿದ ಉಪ್ಪು ಬಕೆಟ್ಟಿನಲ್ಲಿ ಬರುತ್ತದೆ. ಒಳ್ಳೆಯ ಬಾಸುಮತಿಗಿಂತ ತುಟ್ಟಿ.

1930ರಲ್ಲಿ ಶೆಡ್ ಅಕ್ವೇರಿಯಂ ತೆರೆದಾಗ ಇಂಥ ಬಕೆಟ್ಟಿರಲಿಲ್ಲ. ಅವರು ಫ್ಲಾರಿಡಾದ ತುದಿಯ ಕೀ ವೆಸ್ಟಿನಿಂದ ಹತ್ತು ಲಕ್ಷ ಗ್ಯಾಲನ್ ಸಮುದ್ರದ ನೀರನ್ನೇ ರೈಲಿನಲ್ಲಿ ತರಿಸಿದ್ದರು. ಇಪ್ಪತ್ತು ಟ್ಯಾಂಕ್ ಬೋಗಿ, ಎಂಟು ಸಲ ಹೋಗಿ ಬರುವುದು. ಇದನ್ನು ಹೇಳುವಾಗಲೆಲ್ಲ ಹೊನ್ನಾವರದವರ ಕಣ್ಣು ಬೇಲಿ ದಾಟಿ ವೆಸ್ಟ್‌ಮಂಟಿನ ರೈಲು ಹಳಿಯ ಕಡೆ ಹೋಗುತ್ತದೆ. ಏನು ಯೋಚಿಸುತ್ತಾರೋ, ನಾನು ಕೇಳಲು ಹೋಗಿಲ್ಲ.

ಸುಣ್ಣದ ಮಾತಿಗೆ ಬಂದೆ. ಹವಳದ ಹುಳು ಬೆಳೆಯುವುದೆಂದರೆ ನೀರಿನೊಳಗಿನ ಸುಣ್ಣವನ್ನು ಹೀರಿ ತನ್ನ ಸುತ್ತ ಕಲ್ಲು ಕಟ್ಟಿಕೊಳ್ಳುವುದು. ದೊಡ್ಡ ಸಮುದ್ರದಲ್ಲಿ ಸುಣ್ಣಕ್ಕೆ ಬರವಿಲ್ಲ. ಐದು ಗ್ಯಾಲನ್ನಿನಲ್ಲಿ ನಾಲ್ಕು ಗಟ್ಟಿ ಹವಳ ಚೆನ್ನಾಗಿ ಬೆಳೆಯತೊಡಗಿದವೋ, ವಾರದೊಳಗೆ ನೀರು ಬಡವಾಗುತ್ತದೆ. ಚೆನ್ನಾಗಿ ಸಾಕಿದಷ್ಟೂ ಬೇಗ ಬಡವಾಗುತ್ತದೆ ಎನ್ನುವುದು ಇದರ ತಮಾಷೆ. ಅದಕ್ಕೆ 1970ರ ದಶಕದಿಂದ ಜರ್ಮನ್ನರ ಕಡೆಯವರು ಹಿಡಿದ ದಾರಿ ಸುಣ್ಣದ ತಿಳಿನೀರು. ಸುಣ್ಣವನ್ನು ನೀರಲ್ಲಿ ಕದಡಿ, ಗಸಿ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ರಾತ್ರಿಯೆಲ್ಲ ತೊಟ್ಟು ತೊಟ್ಟಾಗಿ ಬಿಡುವುದು. ಆವಿಯಾದ ನೀರೂ ತುಂಬಿತು, ಹವಳಕ್ಕೆ ಸುಣ್ಣವೂ ಸಿಕ್ಕಿತು. ಒಮ್ಮೆಗೇ ಸುರಿದರೆ ಮಾತ್ರ ಕತೆ ಮುಗಿಯಿತು, ಆ ತಿಳಿಯ ಕ್ಷಾರ ಬಾಯಿ ಸುಡುವಂಥದ್ದು.

ಎಲೆಗೆ ಹಚ್ಚುವ ಸುಣ್ಣದಲ್ಲಿ ಏನೇನು ಬೆರೆತಿರುತ್ತದೋ ಅಂತ ಕೊನೆಗೆ ನಮ್ಮ ಡಬ್ಬಿಯನ್ನು ಅವರು ವಾಪಸು ಕೊಟ್ಟರು. ಇಲ್ಲಿ ಸೌತೆಕಾಯಿ ಉಪ್ಪಿನಕಾಯಿ ಗರಿಗರಿಯಾಗಲು ಹಾಕುವ ಸುಣ್ಣದ ಪುಡಿ ದಿನಸಿ ಅಂಗಡಿಯಲ್ಲೇ ಸಿಗುತ್ತದೆ, ಅದು ಶುದ್ಧ. ಆದರೆ ಡಬ್ಬಿ ವಾಪಸು ಕೊಡುತ್ತ ಅವರಾಡಿದ ಮಾತು ನನಗೆ ಹಿಡಿಸಿತು. "ನಮ್ಮಲ್ಲಿ ಶರಾವತಿ, ಅಘನಾಶಿನಿ ಅಳಿವೆಯ ಚಿಪ್ಪನ್ನು ಭಟ್ಟಿಯಲ್ಲಿ ಸುಟ್ಟು ಸುಣ್ಣ ಮಾಡ್ತಾರೆ ಮಾರಾಯ್ರೆ. ನಾನು ಇಲ್ಲಿ ಕೂತು ಸುಣ್ಣ ಕೊಟ್ಟು ಚಿಪ್ಪು ಮಾಡಿಸ್ತಾ ಇದ್ದೇನೆ."

ತೊಟ್ಟಿಯ ನಿವಾಸಿಗಳ ವಿಷಯಕ್ಕೆ ಬಂದರೆ ಅಲ್ಲಿ ಮೀನಿರುವುದು ಒಂದೇ, ಬೆರಳಿಗಿಂತ ಸಣ್ಣ ಗೋಬಿ. ಅದರ ಜೊತೆ ಒಂದು ಪಿಸ್ತೂಲು ಸೀಗಡಿ. ಸೀಗಡಿಗೆ ಕಣ್ಣು ಅಷ್ಟಕ್ಕಷ್ಟೆ, ಆದರೆ ಬಿಲ ತೋಡುವುದರಲ್ಲಿ ಗಟ್ಟಿಗ. ಗೋಬಿಗೆ ಕಣ್ಣು ಚೆನ್ನ, ಮೈಬಗ್ಗಿಸುವ ಜಾಯಮಾನವಲ್ಲ. ಸೀಗಡಿ ಬಿಲದಿಂದ ಮರಳು ಹೊತ್ತು ತಂದು ಹಾಕುವಾಗೆಲ್ಲ ಒಂದು ಮೀಸೆಯನ್ನು ಗೋಬಿಯ ಬಾಲದ ಮೇಲಿಟ್ಟಿರುತ್ತದೆ, ಅಪಾಯ ಕಂಡರೆ ಗೋಬಿ ಬಾಲ ಅದುರಿಸುತ್ತದೆ, ಇಬ್ಬರೂ ಒಳಗೆ. ಈ ಸೀಗಡಿ ಕೊಂಡಿ ಬಡಿದರೆ ಗಾಜು ಸೀಳಿದಂಥ ಸದ್ದು. ಮೊದಲ ರಾತ್ರಿ ಹೊನ್ನಾವರದ ಅಕ್ಕ ತೊಟ್ಟಿ ಒಡೆಯಿತೆಂದು ಎದ್ದು ಬಂದು ನೆಲಕ್ಕೆ ಬಟ್ಟೆ ಹಾಸಿದ್ದರಂತೆ.

ಮನೆಗೆ ಬರುವ ಮಕ್ಕಳೆಲ್ಲ ಕೇಳುವುದು ನೀಮೋ. 2003ರ ಆ ಸಿನಿಮಾದ ಕಿತ್ತಳೆ ಬಣ್ಣದ ಕೋಡಂಗಿ ಮೀನು. ಐದು ಗ್ಯಾಲನ್ ಅದಕ್ಕೆ ಸಾಲದು ಅಂತ ಹೊನ್ನಾವರದವರು ತರಲಿಲ್ಲ, ಸರಿಯೇ. ಸತ್ಯನಾರಾಯಣ ಪೂಜೆಯ ದಿನ ಯಾರದೋ ಮಗುವಿಗೆ ಅದನ್ನಷ್ಟೇ ಹೇಳಿ ಬಿಡಬಹುದಿತ್ತು. ಕೋಡಂಗಿ ಮೀನುಗಳೆಲ್ಲ ಗಂಡಾಗಿಯೇ ಬೆಳೆಯುತ್ತವೆ, ಗುಂಪಿನ ಯಜಮಾನಿ ಸತ್ತರೆ ಅವಳ ಗಂಡನೇ ಹೆಣ್ಣಾಗುತ್ತಾನೆ, ಆದ್ದರಿಂದ ಸಿನಿಮಾದಲ್ಲಿ ನೀಮೋನ ತಾಯಿ ಸತ್ತ ಮೇಲೆ ಅಪ್ಪ ಅಪ್ಪನಾಗಿ ಉಳಿಯುವುದಕ್ಕೇ ಸಾಧ್ಯವಿಲ್ಲ ಅಂತ ವಿವರಿಸಿದರು. ಮಗು ಅತ್ತಿತು. ಮಗುವಿನ ತಾಯಿ ಪ್ರಸಾದ ತೆಗೆದುಕೊಳ್ಳದೆ ಹೊರಟರು ಅಂತ ಕೂಟದಲ್ಲಿ ಸುದ್ದಿ. ಪ್ರಸಾದ ತೆಗೆದುಕೊಂಡೇ ಹೋದರು, ನಾನೇ ಕಂಡಿದ್ದೇನೆ.

ಕಲ್ಲಿನ ಜೊತೆ ಕರೆಯದೇ ಬರುವ ನೆಂಟರೂ ಇದ್ದಾರೆ. ಏಪ್ಟೇಸಿಯಾ ಎಂಬ ಕಂದು ಬಣ್ಣದ ಹೂವಿನಂಥ ಜೀವಿ ಅದರಲ್ಲಿ ಮುಖ್ಯ. ಕಿತ್ತರೆ ಉಳಿದ ಚೂರೇ ಮತ್ತೊಂದಾಗುತ್ತದೆ. ಹಾಗಂತ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ ತೊಳೆಯುವ ಜಾಣತನ ಮಾತ್ರ ಬೇಡ. ಅದರ ಮೇಲೆ ಗುಂಡಿ ಆಕಾರದ ಜೋವಾಂಥಿಡ್ ಹವಳವಿದ್ದರೆ ಮನೆಮಂದಿಯೆಲ್ಲ ಆಸ್ಪತ್ರೆಗೆ. ಅವುಗಳಲ್ಲಿ ಕೆಲವದರಲ್ಲಿರುವ ಪಾಲಿಟಾಕ್ಸಿನ್ ಜಗತ್ತಿನ ಅತ್ಯಂತ ತೀಕ್ಷ್ಣ ವಿಷಗಳಲ್ಲೊಂದು, 1971ರಲ್ಲಿ ಹವಾಯಿಯ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದ್ದು. ಕುದಿಸಿದ ಹಬೆಯಲ್ಲೇ ಅದು ಶ್ವಾಸಕ್ಕೆ ಹೋಗಿ ಮನೆಯವರೆಲ್ಲ ಮಲಗಿದ ಪ್ರಕರಣಗಳಿವೆ. ಹೊನ್ನಾವರದವರು ಕೈಗವಸು, ಕನ್ನಡಕ ಹಾಕದೆ ತೊಟ್ಟಿಗೆ ಕೈ ಹಾಕುವುದಿಲ್ಲ. ಇಷ್ಟಾಗಿ ಅದು ಊಟದ ಮೇಜಿನ ಮೇಲೇ ಇದೆಯಲ್ಲ ಅಂತ ನನ್ನ ಹೆಂಡತಿ ಅಲ್ಲಿ ಊಟಕ್ಕೆ ಕೂತಾಗಲೆಲ್ಲ ಆಚೆ ತುದಿಯ ಕುರ್ಚಿ ಹಿಡಿಯುತ್ತಾಳೆ.

ಆದರೆ ರಸಾಯನಶಾಸ್ತ್ರ, ವಿಷ, ಪಾಚಿ ಇವೆಲ್ಲಕ್ಕಿಂತ ದೊಡ್ಡ ಕಷ್ಟ ಯಾವುದೆಂದು ಕೇಳಿದರೆ ಊರಿಗೆ ಹೋಗುವುದು. ನಾವು ಭಾರತಕ್ಕೆ ಹೋದರೆ ನಾಲ್ಕು ವಾರ ಆರು ವಾರ ಹೋಗುವವರು, ಮದುವೆ ಇದ್ದರೆ ಇನ್ನೂ ಹೆಚ್ಚು. ಅಮೆರಿಕದವರ ಪುಸ್ತಕಗಳಲ್ಲಿ ರಜೆ ಅಂದರೆ ವಾರ. ಅಷ್ಟಕ್ಕೆ ಏನೇನೋ ಉಪಾಯಗಳಿವೆ, ಆರು ವಾರಕ್ಕೆ ನೆರೆಹೊರೆಯೊಂದೇ ಉಪಾಯ. ನಮ್ಮವರಿಗೆ ತೊಟ್ಟಿ ಒಪ್ಪಿಸಿ ಹೋದರೆ ಅವರು ಉಪಚಾರದಲ್ಲಿ ಕೊಂದುಬಿಡುತ್ತಾರೆ. ಪಾಪ, ಹಸಿದಿರಬೇಕು ಅಂತ ಇನ್ನೊಂದು ಚಿಟಿಕೆ, ಸಂಜೆ ಇನ್ನೊಂದು ಚಿಟಿಕೆ. ತಿನ್ನದೆ ಉಳಿದದ್ದು ಕೊಳೆತು ಅಮೋನಿಯಾ. ಅದಕ್ಕೇ ಇವರು ಬಿಪಿ ಮಾತ್ರೆ ಇಡುವ ವಾರದ ಡಬ್ಬಿಗಳನ್ನು ತಂದು ಒಂದೊಂದು ಮನೆಗೂ ಎಣಿಸಿದಷ್ಟೇ ಕಾಳು ತುಂಬಿ ಕೊಡುತ್ತಾರೆ. ಮಂಗಳವಾರದ ಮನೆ ಖಾಲಿ ಬಿಟ್ಟಿದ್ದರು. ಮರೆತಿರಬೇಕು ಅಂತ ಕೇಳಿದರೆ, "ಉಪವಾಸ. ಒಂದು ದಿನ ಹಸಿದ್ರೆ ಅದಕ್ಕೂ ಒಳ್ಳೇದು, ನೀರಿಗೂ ಒಳ್ಳೇದು."

ಕರೆಂಟು ಹೋಗುವುದು ಇನ್ನೊಂದು ಭಯ. 2021ರ ಜೂನ್ 20ರ ರಾತ್ರಿ ನೇಪರ್‌ವಿಲ್, ವುಡ್‌ರಿಜ್‌ಗಳ ಮನೆಗಳ ಮಾಡು ಹಾರಿಸಿದ ಸುಂಟರಗಾಳಿ ನಮ್ಮ ಪಕ್ಕದ ಡೇರಿಯನ್ನಿನ ಮೇಲೂ ಹಾದುಹೋಗಿತ್ತು. ಅಂಥ ರಾತ್ರಿ ಸೈರನ್ ಕೂಗಿದಾಗ ಜನ ಪಾಸ್‌ಪೋರ್ಟು ಹಿಡಿದು ಬೇಸ್‌ಮೆಂಟಿಗೆ ಇಳಿಯುತ್ತಾರೆ. ಹೊನ್ನಾವರದವರು ಬ್ಯಾಟರಿಯ ಗಾಳಿಪಂಪು ಹಿಡಿದು ತೊಟ್ಟಿಯ ಹತ್ತಿರ ಹೋಗುತ್ತಾರೆ. ನೀರು ಅಲುಗದಿದ್ದರೆ ಆಮ್ಲಜನಕ ಇಳಿಯುತ್ತದೆ, ಸಣ್ಣ ತೊಟ್ಟಿಯಲ್ಲಿ ಬೇಗ ಇಳಿಯುತ್ತದೆ. ಅಕ್ಕ ಕೆಳಗಿನಿಂದ ಕೂಗುತ್ತಿರುತ್ತಾರೆ.

"ಇಷ್ಟು ಕಷ್ಟಪಡೋ ಬದಲು ನಿಮ್ಮೂರ ಹತ್ರಾನೇ ಹವಳ ಇದ್ಯಲ್ಲ ಸಾರ್, ನೇತ್ರಾಣೀಲಿ?" ಅಂದೆ. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ಸಿಗುವ ಆ ದ್ವೀಪದ ಬುಡದಲ್ಲಿ ಹವಳವಿದೆ, ಈಗ ಬೆಂಗಳೂರಿನ ಹುಡುಗರೆಲ್ಲ ಸಿಲಿಂಡರ್ ಕಟ್ಟಿಕೊಂಡು ಮುಳುಗಿ ಬರುತ್ತಾರೆ. ಇವರು ಚಿಕ್ಕವರಿದ್ದಾಗ ನೇತ್ರಾಣಿ ಅಂದರೆ ಮೀನುಗಾರರು ಹೇಳುವ ಹೆಸರು, ನೌಕಾಪಡೆಯವರು ಗುರಿಯಿಟ್ಟು ಗುಂಡು ಹೊಡೆಯುವ ಗುಡ್ಡ, ಅಷ್ಟೆ. ನೀರಿನ ಕೆಳಗೆ ಏನಿದೆಯೆಂದು ಹೊನ್ನಾವರದಲ್ಲಿ ಯಾರೂ ಕೇಳಿದವರಲ್ಲ. ಊರಿಗೆ ಹಿಂತಿರುಗಿ ಅಲ್ಲೊಂದು ತೊಟ್ಟಿ ಇಡೋಣವೆಂದರೆ ಅದಕ್ಕೂ ಆಗದು. 2001ರಲ್ಲಿ ಭಾರತ ಸರ್ಕಾರ ಹವಳಗಳನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ, ಹುಲಿಯ ಸಾಲಿಗೆ ಸೇರಿಸಿತು. ದಂಡೆಗೆ ಬಿದ್ದ ತುಂಡು ಎತ್ತಿಟ್ಟುಕೊಂಡರೂ ಅಪರಾಧ. ಕಡಲ ತೀರದಲ್ಲಿ ಹುಟ್ಟಿದವರಿಗೆ ಹವಳ ಸಾಕುವ ಹಕ್ಕು ಸಿಕ್ಕಿದ್ದು ಜೋಳದ ಸೀಮೆಯಾದ ಇಲಿನಾಯಿಯಲ್ಲಿ. ಕಾನೂನು ಸರಿ ಅಂತಲೇ ಇವರೂ ಅನ್ನುತ್ತಾರೆ. 2024ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳ ಬೆಳ್ಳಗಾಯಿತು ಅಂತ ಓದಿದ ದಿನ ಬೇಲಿ ಹತ್ತಿರ ಬಂದರೂ ಮಾತಿಗೆ ನಿಲ್ಲಲಿಲ್ಲ. ಇವರ ತೊಟ್ಟಿಯ ತುಂಡುಗಳೆಲ್ಲ ಇಲ್ಲಿಯ ಹವ್ಯಾಸಿಗಳ ಮನೆಯಲ್ಲೇ ಬೆಳೆದ ತಾಯಿ ಹವಳದಿಂದ ಕತ್ತರಿಸಿ, ಅಂಟಿಸಿ ಹಂಚಿಕೊಂಡವು.

ಇಲಿನಾಯಿ ಬರೀ ಜೋಳದ ಸೀಮೆ ಅನ್ನುವುದಕ್ಕೂ ಅವರು ಒಪ್ಪುವುದಿಲ್ಲ ಅನ್ನಿ. ನಲವತ್ತು ಕೋಟಿ ವರ್ಷಕ್ಕೂ ಹಿಂದೆ ಈ ನೆಲ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು, ಬೆಚ್ಚಗಿನ ಆಳವಿಲ್ಲದ ಕಡಲಿನಡಿ ಇತ್ತು. ಷಿಕಾಗೋದ ದಕ್ಷಿಣಕ್ಕೆ ಥಾರ್ನ್‌ಟನ್ನಿನಲ್ಲಿ ಹೆದ್ದಾರಿ ಒಂದು ಭಾರೀ ಕಲ್ಲುಕ್ವಾರಿಯ ನಡುವೆ ಹಾದುಹೋಗುತ್ತದಲ್ಲ, ಆ ಕಲ್ಲೆಲ್ಲ ಅಂದಿನ ಹವಳದ ದಿಬ್ಬ. 1871ರ ಬೆಂಕಿಯಲ್ಲಿ ಉಳಿದ ಷಿಕಾಗೋದ ವಾಟರ್ ಟವರಿನ ಕಲ್ಲೂ ಅದೇ ಕಾಲದ ಕಡಲ ತಳದ್ದು, ಲೆಮಾಂಟ್–ಜೋಲಿಯೆಟ್ ಕಡೆಯಿಂದ ಬಂದದ್ದು. ನಮ್ಮ ಹಿತ್ತಿಲಿನ ಮಣ್ಣಿನಡಿ ಇರುವುದೂ ಆ ಜಾತಿಯ ಬಂಡೆಯೇ. ಸರೋವರದ ನೀರು ಬರುವ ಮೊದಲು ಈ ಕಡೆಯ ಊರುಗಳು ಕುಡಿಯುತ್ತಿದ್ದದ್ದು ಅದೇ ಬಂಡೆಯಿಂದ ಎತ್ತಿದ ಗಡಸು ನೀರನ್ನು. "ನಾನೇನು ಹೊಸದು ತಂದದ್ದಲ್ಲ ಮಾರಾಯ್ರೆ. ಹೋದದ್ದನ್ನು ಸ್ವಲ್ಪ ವಾಪಸು ಕರೆದೆ."

ಈಚೆಗೆ ಅವರ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿದೆ. ಸಣ್ಣದಕ್ಕೇ ಇಷ್ಟು ಕಷ್ಟವಾದರೆ, ಕಷ್ಟ ಕಮ್ಮಿ ಮಾಡಿಕೊಳ್ಳಬೇಕಾದರೆ ದೊಡ್ಡದು ತರಬೇಕು. ನಲವತ್ತು ಗ್ಯಾಲನ್ನಿನಲ್ಲಿ ಅರ್ಧ ಲೀಟರ್ ಹೋದರೆ ಹೋಯಿತು, ಊರಿಗೂ ನಿಶ್ಚಿಂತೆಯಾಗಿ ಹೋಗಬಹುದು. ಎಪ್ಪತ್ತೈದಾದರೆ ಇನ್ನೂ ಸುಲಭ. ಮೊನ್ನೆ ಶನಿವಾರ ಇದನ್ನು ನನಗೆ ಒಪ್ಪಿಸುತ್ತ ನಿಂತಿದ್ದಾಗ ಅಕ್ಕ ಒಣಗಿದ ಬಟ್ಟೆ ತೆಗೆಯಲು ಬಂದಿದ್ದವರು ಕೇಳಿಸಿಕೊಂಡರು.

"ದೊಡ್ಡದಾದಷ್ಟೂ ಸುಲಭ ಹೌದಾದ್ರೆ ಎಂತಕ್ಕೆ ಎಪ್ಪತ್ತೈದು? ಲೇಕ್ ಮಿಶಿಗನ್ನಿಗೇ ಉಪ್ಪು ಹಾಕಿಬಿಡಿ" ಅಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ನಾನು ನಕ್ಕೆ. ಹೊನ್ನಾವರದವರು ನಗಲಿಲ್ಲ. ಜೇಬಿನಿಂದ ಫೋನು ತೆಗೆದು ಸರೋವರದಲ್ಲಿ ಎಷ್ಟು ಘನ ಕಿಲೋಮೀಟರ್ ನೀರಿದೆಯೆಂದು ಹುಡುಕಿ, ಮೂವತ್ತೈದರಿಂದ ಗುಣಿಸಿ, ಸೊನ್ನೆಗಳನ್ನು ಎರಡು ಸಲ ಎಣಿಸಿದರು. "ಸುಮಾರು 17 ಸಾವಿರ ಕೋಟಿ ಟನ್ನು ಬೇಕು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಫಾಸ್ಫೇಟಿನ ತಾಪತ್ರಯ ಇರ್ಲಿಕ್ಕಿಲ್ಲ. ಅದು ಶುದ್ಧ ಮಾಡುವಾಗ ಸೇರಿಸೋದು ಅಲ್ದಾ?"